ಇಪ್ಪತ್ತಾರನೇ ಬೀದಿಯ ಆಯುಸ್ಸು

ಶಿಕಾಗೋ ನಗರದ ನೈಋತ್ಯಕ್ಕೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಬಡಾವಣೆಗಳಿವೆ. ಉತ್ತರದ್ದು ನಾರ್ತ್ ಲಾನ್‌ಡೇಲ್, ದಕ್ಷಿಣದ್ದು ಸೌತ್ ಲಾನ್‌ಡೇಲ್. ಎರಡನೆಯದನ್ನು ನಕಾಶೆ ಬಿಟ್ಟರೆ ಬೇರೆ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಊರಿನವರಿಗೆ ಅದು ಲಿಟಲ್ ವಿಲೇಜ್, ಅಲ್ಲೇ ಇರುವ ಮೆಕ್ಸಿಕನ್ ಮೂಲದವರ ಬಾಯಲ್ಲಿ ಲಾ ವಿಯೀತಾ. ಅದರ ನಡುವೆ ಹಾದುಹೋಗುವ 26ನೇ ಬೀದಿಯ ಮೇಲೆ ಒಂದು ಕಮಾನು ಇದೆ, ಸ್ಪ್ಯಾನಿಷ್‌ನಲ್ಲಿ ಸ್ವಾಗತ ಕೋರುತ್ತದೆ. ಕಮಾನಿನಾಚೆ ಬೇಕರಿ, ಮದುವಣಗಿತ್ತಿಯರ ಉಡುಪಿನ ಅಂಗಡಿ, ಬೂಟಿನ ಅಂಗಡಿ, ಕತ್ತರಿಸಿದ ಮಾವಿನ ಹಣ್ಣಿಗೆ ಮೆಣಸಿನ ಪುಡಿ ಉದುರಿಸಿ ಕೊಡುವ ತಳ್ಳುಗಾಡಿ, ಬೇಯಿಸಿದ ಮುಸುಕಿನ ಜೋಳದ ಹಬೆ.

1995ರ ಜುಲೈನಲ್ಲಿ ಈ ಎರಡೂ ಬಡಾವಣೆಗಳ ಮೇಲೆ ಒಂದೇ ಸೂರ್ಯ ಸುಟ್ಟ. ಜುಲೈ 13ರಂದು ನಗರದ ತಾಪಮಾನ 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಗಾಳಿಯ ತೇವವೂ ಸೇರಿ ಮೈಗೆ ಅದು 50 ಡಿಗ್ರಿಯ ಆಸುಪಾಸಿನ ಕಾವಾಗಿ ತಟ್ಟಿತು. ಇಟ್ಟಿಗೆಯ ಅಪಾರ್ಟ್‌ಮೆಂಟುಗಳು ಹಗಲಿಡೀ ಕಾದು ರಾತ್ರಿಯೂ ಆರದೆ ಒಲೆಯಂತಾದವು. ವಿದ್ಯುತ್ ಕೈಕೊಟ್ಟಿತು, ಆಸ್ಪತ್ರೆಗಳು ಆಂಬುಲೆನ್ಸ್‌ಗಳನ್ನು ಬಾಗಿಲಲ್ಲೇ ಬೇರೆಡೆಗೆ ಕಳುಹಿಸಿದವು, ಶವಪರೀಕ್ಷೆ ಕಚೇರಿಯ ಅಂಗಳದಲ್ಲಿ ಹೆಣ ಇಡಲು ಶೈತ್ಯಾಗಾರದ ಲಾರಿಗಳು ಸಾಲುಗಟ್ಟಿದವು. ಆ ಒಂದು ವಾರದಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು 739 ಮಂದಿ. ಬಹುಪಾಲು ವಯಸ್ಸಾದವರು, ಬಡವರು, ಒಬ್ಬಂಟಿಗರು. ಕಿಟಕಿ ಮುಚ್ಚಿ ಬಾಗಿಲಿಗೆ ಚಿಲಕ ಹಾಕಿಕೊಂಡ ಕೋಣೆಯಲ್ಲಿ ಸತ್ತವರು ಎಷ್ಟೋ.

ಲೆಕ್ಕ ಕೂಡಿಸಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ನಾರ್ತ್ ಲಾನ್‌ಡೇಲಿನಲ್ಲಿ ಬಿಸಿಲಿಗೆ ಸತ್ತವರು 19, ಅಂದರೆ ಲಕ್ಷಕ್ಕೆ 40. ರಸ್ತೆ ದಾಟಿದರೆ ಸಿಗುವ ಲಿಟಲ್ ವಿಲೇಜಿನಲ್ಲಿ 3, ಲಕ್ಷಕ್ಕೆ 4. ಒಬ್ಬರೇ ವಾಸವಿದ್ದ ಮುದುಕರ ಪ್ರಮಾಣ, ಬಡ ಮುದುಕರ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಇಡೀ ನಗರದಲ್ಲಿ ಆಗ ಸುಮಾರು ಕಾಲು ಭಾಗದಷ್ಟಿದ್ದ ಲ್ಯಾಟಿನೋಗಳ ಪಾಲು ಸಾವಿನ ಪಟ್ಟಿಯಲ್ಲಿ ನೂರಕ್ಕೆ ಎರಡು ಮಾತ್ರ.

ಶಿಕಾಗೋದಲ್ಲೇ ಬೆಳೆದ ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಇದರ ಜಾಡು ಹಿಡಿದು ಹೊರಟರು. 2002ರಲ್ಲಿ ಬಂದ ಅವರ ‘ಹೀಟ್ ವೇವ್’ ಪುಸ್ತಕದ ಉತ್ತರ ಸರಳ: ಬೀದಿ ನೋಡಿ. ನಾರ್ತ್ ಲಾನ್‌ಡೇಲಿಗೆ ಅನ್ನ ಹಾಕುತ್ತಿದ್ದ ಕಾರ್ಖಾನೆಗಳು, ಸಿಯರ್ಸ್ ಕಂಪನಿಯ ಮುಖ್ಯ ಕಚೇರಿ ಎಲ್ಲ ಒಂದೊಂದಾಗಿ ಹೊರಟುಹೋಗಿದ್ದವು. ಅಂಗಡಿಗಳು ಮುಚ್ಚಿದವು, ಮನೆಗಳು ಬಿದ್ದವು, ಖಾಲಿ ನಿವೇಶನಗಳಲ್ಲಿ ಹುಲ್ಲು ಬೆಳೆಯಿತು. ಅಲ್ಲಿನ ಕಪ್ಪು ವೃದ್ಧರಿಗೆ ಮನೆಯಿಂದ ಹೊರಗೆ ಕಾಲಿಡಲು ಭಯ. ಕಾಲಿಟ್ಟರೂ ಹೋಗುವುದಕ್ಕೆ ಜಾಗವಿಲ್ಲ. ಲಿಟಲ್ ವಿಲೇಜಿನಲ್ಲಿ ಬೀದಿ ತುಂಬ ಜನ. ತಂಪಿಗೆ ಯಾವುದಾದರೊಂದು ಎ.ಸಿ. ಅಂಗಡಿಗೆ ಹೋಗಿ ನಿಂತರಾಯಿತು, ಅದು ನಾಲ್ಕು ಹೆಜ್ಜೆ ದೂರ. ಹೋಗದಿದ್ದರೆ ಅಂಗಡಿಯವನೋ ಚರ್ಚಿನವರೋ ಪಕ್ಕದ ಮನೆಯಾಕೆಯೋ ‘ಅಜ್ಜಿ ಎರಡು ದಿನದಿಂದ ಕಾಣಲಿಲ್ಲವಲ್ಲ’ ಎಂದು ಬಾಗಿಲು ತಟ್ಟುತ್ತಾರೆ.

ಈ ಮಾತಿಗೆ ಬಲ ಕೊಡುವವರು ಇನ್ನೊಂದು ಗುಂಪಿನವರು. ಲಿಟಲ್ ವಿಲೇಜ್ ಮೊದಲು ಚೆಕ್, ಪೋಲಿಷ್ ವಲಸಿಗರ ಬಡಾವಣೆಯಾಗಿತ್ತು. ಮಕ್ಕಳು ಉಪನಗರಗಳಿಗೆ ಹೋದಮೇಲೂ ಜಾಗ ಬಿಡದೆ ಉಳಿದುಕೊಂಡ ಬಿಳಿಯ ಮುದುಕರು 1995ರಲ್ಲೂ ಅಲ್ಲಿದ್ದರು. ನೆರೆಯವರ ಭಾಷೆ ಬಾರದಿದ್ದರೂ ಆ ಬೀದಿಯ ಗಿಜಿಗಿಜಿ ಅವರನ್ನೂ ಕಾಯಿತು. ಹಾಗಾಗಿ ಇದನ್ನು ಮೆಕ್ಸಿಕನ್ ರಕ್ತದ ಗುಣವೆಂದು ಹೇಳಿ ಮುಗಿಸುವಂತಿಲ್ಲ.

ಕ್ಲೈನೆನ್‌ಬರ್ಗ್ ಹೇಳಿದ್ದನ್ನು ಎಲ್ಲರೂ ಒಪ್ಪಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಮಿಚೆಲ್ ಡುನಿಯರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞ 2004ರಲ್ಲಿ, ಸತ್ತವರನ್ನು ಬಲ್ಲವರನ್ನೇ ಹುಡುಕಿ ಮಾತಾಡಿಸಿ, ಬಡಾವಣೆಯ ಲೆಕ್ಕ ಹಿಡಿದು ಒಬ್ಬೊಬ್ಬ ವ್ಯಕ್ತಿಯ ಸಾವನ್ನು ವಿವರಿಸಲಾಗದು ಎಂದು ತಕರಾರು ತೆಗೆದರು. ಇಬ್ಬರ ಜಗಳ ವಿದ್ವತ್ ಪತ್ರಿಕೆಗಳಲ್ಲಿ ಜೋರಾಗಿಯೇ ನಡೆಯಿತು. 19 ಮತ್ತು 3 ಸಣ್ಣ ಸಂಖ್ಯೆಗಳೆಂಬುದು ನಿಜ. ಆದರೆ ಬೀದಿ ಎತ್ತಿದ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದ್ದಲ್ಲ. ಏಕೆಂದರೆ 1995ರ ಆ ಬಿಸಿಲಿಗೂ ಒಂಬತ್ತು ವರ್ಷ ಮೊದಲೇ ಟೆಕ್ಸಸ್‌ನಲ್ಲಿ ಅದೇ ಪ್ರಶ್ನೆ ಬೇರೊಂದು ವೇಷದಲ್ಲಿ ಎದ್ದಿತ್ತು.

1986ರಲ್ಲಿ ಕಿರಿಯಾಕೋಸ್ ಮಾರ್ಕಿಡಿಸ್ ಮತ್ತು ಜೆನೀನ್ ಕೊರೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ನೈಋತ್ಯ ರಾಜ್ಯಗಳ ಹಿಸ್ಪಾನಿಕ್ ಜನರ ಆರೋಗ್ಯದ ಅಂಕಿಅಂಶಗಳನ್ನು ಒಂದೆಡೆ ಇಟ್ಟು ನೋಡಿದರು. ಆದಾಯ, ಓದು, ವಿಮೆ ಯಾವುದರಲ್ಲಿ ಅಳೆದರೂ ಇವರು ಬಿಳಿಯರಿಗಿಂತ ಎಷ್ಟೋ ಹಿಂದೆ, ಕಪ್ಪು ಜನರ ಸ್ಥಿತಿಗೆ ಹತ್ತಿರ. ಬಡತನ ಇದ್ದಲ್ಲಿ ಸಾವು ಬೇಗ ಬರುತ್ತದೆ ಎಂಬುದು ವೈದ್ಯಲೋಕದ ಹಳೆಯ ಗಣಿತ. ಆದರೆ ಇವರ ಶಿಶುಮರಣ, ಹೃದ್ರೋಗ, ಹಲವು ಬಗೆಯ ಕ್ಯಾನ್ಸರ್‌ಗಳ ಸಾವಿನ ಲೆಕ್ಕ ಬಿಳಿಯರಿಗೆ ಸರಿಸಮ, ಕೆಲವೆಡೆ ಇನ್ನೂ ಚೆನ್ನ. ಇದನ್ನು ಅವರು ವಿರೋಧಾಭಾಸ ಎಂದರು. ‘ಹಿಸ್ಪಾನಿಕ್ ವಿರೋಧಾಭಾಸ’ ಎಂಬ ಹೆಸರು ಅಂಟಿಕೊಂಡಿತು. 2010ರಲ್ಲಿ ಅಮೆರಿಕ ಸರ್ಕಾರ ಹಿಸ್ಪಾನಿಕ್ ಜನರ ಜೀವಿತಾವಧಿಯನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಪ್ರಕಟಿಸಿದಾಗ 2006ರ ಅಂಕಿ ಹೀಗಿತ್ತು: ಹಿಸ್ಪಾನಿಕ್ 80.6 ವರ್ಷ, ಬಿಳಿಯರು 78.1, ಕಪ್ಪು ಜನರು 72.9.

ಕೆಲವರು ಇದನ್ನು ಲೆಕ್ಕದ ಕಣ್ಕಟ್ಟು ಎಂದರು. ಗಡಿ ದಾಟಿ ದುಡಿಯಲು ಬರುವವರು ಹೇಗೂ ಗಟ್ಟಿಮುಟ್ಟಾದವರೇ. ರೋಗಿಷ್ಟರು ಊರಲ್ಲೇ ಉಳಿಯುತ್ತಾರೆ. ಇದರಲ್ಲಿ ಹುರುಳಿದೆ. ಇನ್ನೊಂದು ವಾದದ ಹೆಸರು ತಮಾಷೆಯದು, ಸಾಲ್ಮನ್ ವಾದ. ಸಾಲ್ಮನ್ ಮೀನು ಕೊನೆಗಾಲಕ್ಕೆ ಹುಟ್ಟಿದ ಹೊಳೆಗೆ ಈಜಿ ಹೋಗುವಂತೆ ಕಾಯಿಲೆ ಬಿದ್ದ ವಲಸಿಗರು ತಾಯ್ನಾಡಿಗೆ ಮರಳಿ ಅಲ್ಲಿ ಸಾಯುತ್ತಾರೆ, ಅಮೆರಿಕದ ಲೆಕ್ಕದಲ್ಲಿ ಅವರು ಸಾಯುವುದೇ ಇಲ್ಲ ಎಂಬುದು ಅದರ ಸಾರ. 1999ರಲ್ಲಿ ಅನಾ ಅಬ್ರಾಯಿದೋ ಲಾನ್ಸಾ ಮತ್ತು ಸಂಗಡಿಗರು ಇದನ್ನು ಜಾಣತನದಿಂದ ಪರೀಕ್ಷಿಸಿದರು. ಕ್ಯೂಬಾದವರು ರಾಜಕೀಯ ಕಾರಣದಿಂದ ಮರಳಿ ಹೋಗುವಂತಿರಲಿಲ್ಲ. ಪೋರ್ಟೊರಿಕೊ ಅಮೆರಿಕದ್ದೇ ನೆಲವಾದ್ದರಿಂದ ಅಲ್ಲಿ ಹೋಗಿ ಸತ್ತರೂ ಸಾವು ಅಮೆರಿಕದ ಪುಸ್ತಕದಲ್ಲೇ ದಾಖಲಾಗುತ್ತದೆ. ಈ ಎರಡೂ ಗುಂಪಿನಲ್ಲೂ ಸಾವಿನ ಪ್ರಮಾಣ ಬಿಳಿಯರಿಗಿಂತ ಕಡಿಮೆಯೇ ಇತ್ತು. ಮೀನಿನ ವಾದ ಇಲ್ಲಿ ಮುಗ್ಗರಿಸಿತು.

ಸಿಗರೇಟಿನ ವಾದ ಮಾತ್ರ ಗಟ್ಟಿಯಾಗಿ ನಿಂತಿದೆ. ಹಿಸ್ಪಾನಿಕ್ ಜನ, ಅದರಲ್ಲೂ ಹೆಂಗಸರು, ಬಿಳಿಯರಿಗಿಂತ ಕಡಿಮೆ ಸೇದುತ್ತಾರೆ. ಸೇದುವವರೂ ದಿನಕ್ಕೆ ಎಣಿಸಿ ಸೇದುತ್ತಾರೆ. ಹೆಚ್ಚುವರಿ ಆಯುಸ್ಸಿನ ದೊಡ್ಡ ಪಾಲು ಇದರಿಂದಲೇ ಬಂದಿದ್ದು ಎಂದು ಆಂಡ್ರ್ಯೂ ಫೆನೆಲನ್ ಲೆಕ್ಕ ತೋರಿಸಿದ್ದಾರೆ.

ಹಾಗಾದರೆ ಬೀದಿಗೆ ಉಳಿದ ಪಾಲೆಷ್ಟು? ಮಾರ್ಕಿಡಿಸ್ ಅವರ ಬಳಗವೇ 1993–94ರಿಂದ ಐದು ರಾಜ್ಯಗಳ 3,050 ಮೆಕ್ಸಿಕನ್ ಮೂಲದ ವೃದ್ಧರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅದನ್ನಾಧರಿಸಿ 2004ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು ಇದು: ಸುತ್ತಮುತ್ತ ಮೆಕ್ಸಿಕನ್ ಮೂಲದವರೇ ದಟ್ಟವಾಗಿರುವ ಕೇರಿಗಳಲ್ಲಿ, ಅವರು ‘ಬಾರಿಯೋ’ ಎನ್ನುವ ಕಡೆ, ಬದುಕಿದ ಮುದುಕರು ಬೇರೆಡೆ ಬದುಕಿದವರಿಗಿಂತ ನಿಧಾನವಾಗಿ ಸತ್ತರು. ಆ ಕೇರಿಗಳು ಬಡವಾಗಿದ್ದವು. ಬಡತನದ ಹೊಡೆತವನ್ನು ಒಡನಾಟ ಅಷ್ಟಿಷ್ಟು ತಡೆದಿತ್ತು. ಮಗುವಿನ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ‘ಕೊಮಾದ್ರೆ’. ಆಕೆ ನೆಂಟಳಲ್ಲ, ಆದರೆ ನೆಂಟಳಿಗಿಂತ ಹೆಚ್ಚು. ಅಜ್ಜನನ್ನು ಡಾಕ್ಟರ ಬಳಿಗೆ ಕರೆದೊಯ್ಯುವುದು, ಇಂಗ್ಲಿಷ್ ಚೀಟಿ ಓದಿ ಹೇಳುವುದು, ಹೆರಿಗೆಯಾದ ಮನೆಗೆ ಸಾರು ಕಳಿಸುವುದು ಎಲ್ಲ ಇಂಥವರ ಪಾಲಿನ ಕೆಲಸ. ಇದೇ ನಂಟನ್ನು ಪದ್ಧತಿಯಾಗಿ ಮಾಡಿಕೊಂಡವರು ‘ಪ್ರೊಮೊತೋರಾ’ಗಳು. ತಮ್ಮದೇ ಕೇರಿಯಲ್ಲಿ ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆ, ಬಿ.ಪಿ., ಗರ್ಭಿಣಿಯರ ಆರೈಕೆಯ ಬಗ್ಗೆ ಅಡುಗೆಮನೆಯಲ್ಲೇ ಕೂತು ಮಾತಾಡುವ ಹೆಂಗಸರು. ದಶಕಗಳ ಕಾಲ ಹೆಚ್ಚಿನವರಿಗೆ ಸಂಬಳವೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಮೆ ಇವರ ಸೇವೆಗೆ ದುಡ್ಡು ಕೊಡಲು ಶುರುಮಾಡಿದ್ದು 2022ರ ಜುಲೈನಲ್ಲಿ.

ಇಷ್ಟು ಕೇಳಿದರೆ ಕೇರಿಯ ಬಾಳೇ ಸೊಗಸೆಂದು ಅನಿಸಬಹುದು. ಇಂಥ ಸಂಶೋಧನೆಗಳನ್ನು ಓದಿದವರಲ್ಲಿ ಆ ಮೋಹ ಸಾಮಾನ್ಯ: ಬಡವರ ಬಳಿ ದುಡ್ಡಿಲ್ಲ, ಆದರೆ ಪ್ರೀತಿಯಿದೆ ಎಂದುಕೊಂಡರೆ ದುಡ್ಡಿನ ಮಾತು ಎತ್ತುವ ಅಗತ್ಯವೇ ಬೀಳುವುದಿಲ್ಲ.

ಆದರೆ ಆ ಮೋಹ ನಿಲ್ಲದು. ಮೊದಲನೆಯದಾಗಿ, ‘ಹಿಸ್ಪಾನಿಕ್’ ಎಂಬುದೇ ಸರ್ಕಾರಿ ಕಾಗದದ ಪದ. ದೇಶದ ಪ್ರತಿಯೊಬ್ಬರಿಗೂ ಆ ಪ್ರಶ್ನೆ ಕೇಳಿದ್ದು 1980ರ ಜನಗಣತಿಯಲ್ಲಿ. 2020ರ ಹೊತ್ತಿಗೆ ಆ ಒಂದೇ ಪದದ ಕೆಳಗೆ 6.21 ಕೋಟಿ ಜನ: ಮೆಕ್ಸಿಕೋದ ಕೂಲಿ, ಮಯಾಮಿಯ ಕ್ಯೂಬನ್ ವ್ಯಾಪಾರಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಪೋರ್ಟೊರಿಕನ್ ಅಜ್ಜಿ, ಗ್ವಾಟೆಮಾಲಾದ ಮಾಯಾ ಭಾಷಿಕ. ಇವರನ್ನು ಬಿಡಿಸಿ ನೋಡಲೆಂದೇ 2008ರಿಂದ 2011ರವರೆಗೆ ಬ್ರಾಂಕ್ಸ್, ಶಿಕಾಗೋ, ಮಯಾಮಿ, ಸ್ಯಾನ್ ಡಿಯಾಗೋ ಈ ನಾಲ್ಕು ಕಡೆ 16,415 ವಯಸ್ಕರನ್ನು ತಪಾಸಣೆ ಮಾಡಲಾಯಿತು. ಆರು ಜನರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ದಕ್ಷಿಣ ಅಮೆರಿಕ ಮೂಲದವರಲ್ಲಿ ನೂರಕ್ಕೆ ಸುಮಾರು 10, ಮೆಕ್ಸಿಕನ್ ಮೂಲದವರಲ್ಲಿ 18. ಉಬ್ಬಸದಲ್ಲಿ ಪಟ್ಟಿ ತಿರುಗುಮುರುಗು. ಪೋರ್ಟೊರಿಕನ್ನರು ಮೆಕ್ಸಿಕನ್ನರಿಗಿಂತ ಹಲವು ಪಟ್ಟು ಮುಂದೆ. ಅಂದರೆ ಇವರಿಗೆ ದೀರ್ಘಾಯುಸ್ಸು ಇದೆ, ಆದರೆ ಆ ಆಯುಸ್ಸಿನ ಕೊನೆಯ ಭಾಗ ಮಾತ್ರೆ ಡಬ್ಬಿಯ ಜೊತೆಗೆ. ಅಮೆರಿಕದಲ್ಲೇ ಹುಟ್ಟಿದ ಮುಂದಿನ ಪೀಳಿಗೆಯಲ್ಲಿ ಆ ಆಯುಸ್ಸಿನ ಲಾಭವೂ ಕರಗುತ್ತದೆ.

ಎರಡನೆಯದಾಗಿ, ಕೇರಿಯೇ ಕಾಯಿಲೆಯನ್ನೂ ತರಬಹುದು. ದಕ್ಷಿಣ ಬ್ರಾಂಕ್ಸ್‌ನ ಮಾಟ್ ಹೇವನ್ ಎಂಬಲ್ಲಿಗೆ ಊರವರೇ ಇಟ್ಟ ಹೆಸರು ‘ಅಸ್ತಮಾ ಓಣಿ’. ಹತ್ತಿರದ ಹಂಟ್ಸ್ ಪಾಯಿಂಟ್‌ನಲ್ಲಿ ನ್ಯೂಯಾರ್ಕ್ ನಗರಕ್ಕೆಲ್ಲ ತರಕಾರಿ, ಮೀನು, ಮಾಂಸ ಹಂಚುವ ಭಾರೀ ಸಗಟು ಮಾರುಕಟ್ಟೆ ಇದೆ. ಲಾರಿಗಳು ಹಗಲು ರಾತ್ರಿ ಹೊಗೆ ಬಿಡುತ್ತ ಕೇರಿಯ ನಡುವೆ ಓಡಾಡುತ್ತವೆ, ಸೊಪ್ಪು ಮಾತ್ರ ಕೇರಿಯ ಮೂಲೆಯಂಗಡಿಗೆ ಇಳಿಯುವುದು ಕಷ್ಟ. ಇದು ತಾನಾಗಿ ಆದದ್ದಲ್ಲ. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿ 1948ರಿಂದ ಬ್ರಾಂಕ್ಸ್‌ನ ಎದೆ ಸೀಳಿ ಹೆದ್ದಾರಿ ಎಳೆದಾಗ, ಎಲ್ಲಿಂದ ಎಳೆಯಬೇಕು, ಯಾರ ಮನೆ ಕೆಡವಬೇಕು ಎಂದು ಯಾರೋ ಕೂತು ತೀರ್ಮಾನಿಸಿದ್ದರು.

ಕೇರಿಯೇ ಮೈಗೆ ತಟ್ಟುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಬೇಕೆನ್ನುವವರಿಗೆ ಅಮೆರಿಕ ಸರ್ಕಾರವೇ ಒಂದು ಪ್ರಯೋಗ ನಡೆಸಿದೆ. 1994ರಿಂದ 1998ರವರೆಗೆ ಐದು ನಗರಗಳ ಸರ್ಕಾರಿ ವಸತಿಗಳಲ್ಲಿದ್ದ ಬಡ ಕುಟುಂಬಗಳ ನಡುವೆ ಚೀಟಿ ಎತ್ತಿದರು. ಚೀಟಿ ಬಂದವರಿಗೆ ಬಡತನ ಕಡಿಮೆಯಿರುವ ಬಡಾವಣೆಯಲ್ಲಿ ಮನೆ ಮಾಡಲು ಬಾಡಿಗೆ ನೆರವು. ಅವರಲ್ಲಿ ಬಹುಪಾಲು ಕಪ್ಪು ಮತ್ತು ಹಿಸ್ಪಾನಿಕ್ ತಾಯಂದಿರು. ಹತ್ತು ಹದಿನೈದು ವರ್ಷಗಳ ನಂತರ 4,498 ಹೆಂಗಸರ ಸ್ಥಿತಿ ನೋಡಿದಾಗ, ಆ ಚೀಟಿ ಸಿಕ್ಕವರಲ್ಲಿ ತೀವ್ರ ಬೊಜ್ಜೂ ಸಕ್ಕರೆ ಕಾಯಿಲೆಯೂ ಕಡಿಮೆಯಿದ್ದವು. ಯಾರೂ ಅವರಿಗೆ ಪಥ್ಯ ಹೇಳಿಕೊಟ್ಟಿರಲಿಲ್ಲ, ಮಾತ್ರೆ ಕೊಟ್ಟಿರಲಿಲ್ಲ. ಬದಲಾದದ್ದು ವಿಳಾಸ.

ಆದರೆ ಕೋಟಿಗಟ್ಟಲೆ ಜನರ ವಿಳಾಸ ಬದಲಿಸಲಾಗುತ್ತದೆಯೇ? ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್ ಜನ ಬೇರೆ ದಾರಿ ಹಿಡಿದರು. ಹೆದ್ದಾರಿಗಳು ಸುತ್ತುವರಿದ ಆ ಮೆಕ್ಸಿಕನ್ ಬಡಾವಣೆಯಲ್ಲಿ ಪಾರ್ಕಿಗೆ ಬರ. ಡಾಕ್ಟರು ದಿನಾ ನಡೆಯಿರಿ ಎಂದರೆ ಎಲ್ಲಿ ನಡೆಯುವುದು? ಹೆಂಗಸರು ಮುಂಜಾನೆ ಎದ್ದು 1877ರ ಹಳೆಯ ಎವರ್‌ಗ್ರೀನ್ ಸ್ಮಶಾನದ ಗೋಡೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಕಾಲುದಾರಿ ಬಿರುಕು ಬಿಟ್ಟಿತ್ತು, ಮರದ ಬೇರು ಎದ್ದು ಎಡವಿಸುತ್ತಿತ್ತು. ಹೇಗೂ ನಡೆಯುತ್ತಿದ್ದೇವೆ, ದಾರಿಯನ್ನಾದರೂ ಸರಿಮಾಡಿ ಎಂದು ನಿವಾಸಿಗಳು ಪಾಲಿಕೆಯ ಬೆನ್ನು ಬಿದ್ದರು. 2003ರಲ್ಲಿ ಸ್ಮಶಾನದ ಸುತ್ತ ಎರಡು ಕಿಲೋಮೀಟರಿಗೂ ಮಿಕ್ಕ ರಬ್ಬರಿನ ನಡಿಗೆ ದಾರಿ ತಯಾರಾಯಿತು. ಸತ್ತವರು ಒಳಗೆ, ಬದುಕಲು ಹೊರಟವರು ಹೊರಗೆ. ಸ್ಯಾನ್ ಡಿಯಾಗೋದ ಬಾರಿಯೋ ಲೋಗನ್‌ನವರು ಇನ್ನೂ ಮೊದಲೇ, 1970ರ ಏಪ್ರಿಲ್ 22ರಂದು, ತಮ್ಮ ಕೇರಿ ಕೆಡವಿ ಕಟ್ಟಿದ ಸೇತುವೆಯ ಕೆಳಗೆ ಬುಲ್ಡೋಜರ್‌ಗೆ ಅಡ್ಡ ನಿಂತು ಜಾಗ ಹಿಡಿದುಕೊಂಡರು. ಸೇತುವೆಯ ಕಂಬಗಳ ಮೇಲೆಲ್ಲ ಈಗ ಚಿತ್ರ. ಅದು ಚಿಕಾನೋ ಪಾರ್ಕ್.

ಮತ್ತೆ ಲಿಟಲ್ ವಿಲೇಜಿಗೆ ಬರೋಣ. 1995ರಲ್ಲಿ ಮುದುಕರನ್ನು ಉಳಿಸಿದ ಅದೇ ಬೀದಿಯ ನೆತ್ತಿಯ ಮೇಲೆ ಕ್ರಾಫರ್ಡ್ ಎಂಬ ಕಲ್ಲಿದ್ದಲು ವಿದ್ಯುತ್ ಸ್ಥಾವರ 1924ರಿಂದ ಹೊಗೆ ಕಾರುತ್ತಿತ್ತು. ತನ್ನ ಎಳೆಗೂಸಿಗೆ ಉಬ್ಬಸ ಬಂದದ್ದು ನೋಡಿ ಕಾರಣ ಹುಡುಕುತ್ತ ಹೋದ ಕಿಂಬರ್ಲಿ ವಾಸರ್‌ಮನ್ ಎಂಬ ತಾಯಿ 1998ರಿಂದ ಮನೆಮನೆ ಬಾಗಿಲು ತಟ್ಟಿದರು. ಆಕೆಯೊಡನೆ ಕೇರಿಯ ಪರಿಸರ ಸಂಘಟನೆ ಹದಿನಾಲ್ಕು ವರ್ಷ ಹೋರಾಡಿತು. 2012ರಲ್ಲಿ ಸ್ಥಾವರ ಮುಚ್ಚಿತು, ಮರುವರ್ಷ ವಾಸರ್‌ಮನ್ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. ಅದೇ ಬಡಾವಣೆಯಲ್ಲಿ ಡಾಂಬರಿನ ಚಾವಣಿ ಹಾಳೆ ಮಾಡುತ್ತಿದ್ದ ಕಾರ್ಖಾನೆಯ ವಿಷದ ನೆಲವನ್ನು ಶುದ್ಧಮಾಡಿ 2014ರಲ್ಲಿ ಪಾರ್ಕ್ ತೆರೆದರು. ಕುಕ್ ಕೌಂಟಿಯ ಜೈಲು ಅದರ ನೆರೆಮನೆ. ಪಾರ್ಕಿಗೆ ಕೇರಿಯ ಹೆಸರನ್ನೇ ಇಟ್ಟಿದ್ದಾರೆ.

ಗೆಲುವಿನ ಕಥೆ ಇಲ್ಲಿಗೇ ನಿಲ್ಲಬಹುದಿತ್ತು. 2020ರ ಏಪ್ರಿಲ್ 11, ಈಸ್ಟರ್ ಹಿಂದಿನ ಶನಿವಾರ, ಸ್ಥಾವರದ ಹಳೆಯ ಚಿಮಣಿಯನ್ನು ಜಾಗ ಕೊಂಡ ಕಂಪನಿ ಸ್ಫೋಟಕವಿಟ್ಟು ಉರುಳಿಸಿತು. ಕೊರೊನಾ ಕಾಲ, ಉಸಿರಾಟದ ಕಾಯಿಲೆಗೆ ಹೆದರಿ ಊರೆಲ್ಲ ಮನೆ ಸೇರಿತ್ತು. ಎದ್ದ ದೂಳಿನ ಮೋಡ ಬಡಾವಣೆಯ ಮನೆ, ಕಾರು, ಗಿಡಗಳ ಮೇಲೆ ಬೂದಿಯಂತೆ ಇಳಿಯಿತು. ಚಿಮಣಿ ಇದ್ದ ಜಾಗದಲ್ಲಿ ಹತ್ತು ಲಕ್ಷ ಚದರಡಿಯ ಗೋದಾಮು ಎದ್ದಿತು. ಕಲ್ಲಿದ್ದಲ ಹೊಗೆ ಹೋದಲ್ಲಿ ಡೀಸೆಲ್ ಹೊಗೆ ಬಂತು.

ಕೊರೊನಾ ವಿರೋಧಾಭಾಸದ ಲೆಕ್ಕವನ್ನೇ ಬುಡಮೇಲು ಮಾಡಿತು. 2019ರಲ್ಲಿ 81.9 ವರ್ಷವಿದ್ದ ಹಿಸ್ಪಾನಿಕ್ ಜೀವಿತಾವಧಿ ಎರಡೇ ವರ್ಷದಲ್ಲಿ ಸುಮಾರು ನಾಲ್ಕು ವರ್ಷ ಕುಸಿಯಿತು. ಬಿಳಿಯರ ಕುಸಿತಕ್ಕಿಂತ ಇದು ಹೆಚ್ಚು. ಮಾಂಸದ ಕಾರ್ಖಾನೆ, ಹೊಲ, ಹೋಟೆಲ್ ಅಡುಗೆಮನೆ, ಗೋದಾಮುಗಳ ಕೆಲಸ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಅಜ್ಜಿಯನ್ನು ಒಂಟಿಯಾಗಿ ಬಿಡದ ಆ ತುಂಬಿದ ಮನೆಯೇ ಈ ಸಲ ಅಜ್ಜಿಯ ಕೋಣೆಗೆ ವೈರಸ್ ಕೊಂಡೊಯ್ದಿತು. 2022ರ ಹೊತ್ತಿಗೆ ಅಂಕಿ ಮತ್ತೆ 80ಕ್ಕೆ ಏರಿತು.

ಹೊಗೆ, ವೈರಸ್‌ಗಳನ್ನು ಅಳೆಯಲು ಯಂತ್ರಗಳಿವೆ. ಭಯವನ್ನು ಅಳೆಯುವುದು ಹೇಗೆ? ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿನಲ್ಲಿ 2008ರ ಮೇ 12ರಂದು ಹೆಲಿಕಾಪ್ಟರ್‌ಗಳೊಂದಿಗೆ ಬಂದ ವಲಸೆ ಅಧಿಕಾರಿಗಳು ಮಾಂಸದ ಕಾರ್ಖಾನೆಯೊಂದನ್ನು ಮುತ್ತಿ 389 ಕಾರ್ಮಿಕರನ್ನು ಹಿಡಿದರು. ಹೆಚ್ಚಿನವರು ಗ್ವಾಟೆಮಾಲಾದವರು. ಸಂಶೋಧಕರು ನಂತರ ಇಡೀ ಅಯೋವಾ ರಾಜ್ಯದ ಹೆರಿಗೆ ದಾಖಲೆ ತೆರೆದು ನೋಡಿದರು. ದಾಳಿಯ ನಂತರದ 37 ವಾರಗಳಲ್ಲಿ ಲ್ಯಾಟಿನಾ ತಾಯಂದಿರಿಗೆ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 24ರಷ್ಟು ಏರಿತ್ತು. ಪೋಸ್ಟ್‌ವಿಲ್ ಒಂದರಲ್ಲೇ ಅಲ್ಲ, ಇಡೀ ರಾಜ್ಯದ ಲೆಕ್ಕದಲ್ಲಿ ಏರಿತ್ತು. ಅಮೆರಿಕದಲ್ಲೇ ಹುಟ್ಟಿ ಪೌರತ್ವ ಪಡೆದ ತಾಯಂದಿರಲ್ಲೂ ಏರಿತ್ತು. ಬಿಳಿಯ ತಾಯಂದಿರ ಮಕ್ಕಳ ತೂಕ ಇದ್ದಂತೆ ಇತ್ತು.

2025ರ ಸೆಪ್ಟೆಂಬರ್‌ನಲ್ಲಿ ಅದೇ ಬಗೆಯ ದಾಳಿ ಶಿಕಾಗೋಕ್ಕೆ ಬಂತು. ವಲಸೆ ಅಧಿಕಾರಿಗಳ ಗಾಡಿಗಳು ಲಿಟಲ್ ವಿಲೇಜಿನಲ್ಲಿ ಸುತ್ತತೊಡಗಿದವು, ಅಕ್ಟೋಬರ್‌ನಲ್ಲಿ ಅಶ್ರುವಾಯು ಸಿಡಿಯಿತು. ಕಮಾನಿನ ಕೆಳಗಿನ ಗಿಜಿಗಿಜಿ ತಗ್ಗಿತು. ಅಂಗಡಿಯವರು ಖಾಲಿ ಕೌಂಟರಿನ ಹಿಂದೆ ಕೂತರು. ತಳ್ಳುಗಾಡಿಯವರು ಹೆಚ್ಚು ಹೊತ್ತು ಹೊರಗಿರಬಾರದೆಂದು ಸೈಕಲ್ ಸವಾರರ ಗುಂಪುಗಳು ಬೆಳಿಗ್ಗೆಯೇ ಬಂದು ಅವರ ತಮಾಲೆಗಳನ್ನೆಲ್ಲ ಒಟ್ಟಿಗೆ ಕೊಂಡು, ಅವರನ್ನು ಮನೆಗೆ ಕಳಿಸಿ, ತಿಂಡಿಯನ್ನು ಹಸಿದವರಿಗೆ ಹಂಚಿದವು.

ಆ ಶರತ್ಕಾಲದಲ್ಲಿ ಬಡಾವಣೆಯ ಜನ ಮೇಜುಗಳ ಸುತ್ತ ಕೂತು ಪ್ಲಾಸ್ಟಿಕ್ ವಿಷಲ್‌ಗಳನ್ನು ಪೊಟ್ಟಣ ಕಟ್ಟಿದರು. ಜೊತೆಗೊಂದು ಮಡಿಚಿದ ಹಾಳೆ, ಊದುವುದು ಹೇಗೆಂದು ಹೇಳುವುದಕ್ಕೆ. ಅಧಿಕಾರಿಗಳು ಹತ್ತಿರದಲ್ಲಿದ್ದರೆ ಬಿಟ್ಟು ಬಿಟ್ಟು ಊದಬೇಕು. ಯಾರನ್ನಾದರೂ ಹಿಡಿಯುತ್ತಿದ್ದರೆ ಬಿಡದೆ ಊದಬೇಕು. ಕೇಳಿದವರು ಬಾಗಿಲು ತೆರೆದು ಬೀದಿಗೆ ಬರುತ್ತಾರೆ.